ಹಾಡು ಹಾಕಿ ಎದ್ದು ಹೋಗಬೇಡಿ: ಮರೆವಿನ ಕಾಯಿಲೆ ಇರುವವರ ಜೊತೆ ಕೂತು ಕೇಳುವ ಬಗೆ

ನಮ್ಮತ್ತೆಗೆ ಈಗ ನನ್ನ ಹೆಸರು ನೆನಪಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟರೆ "ನೀ ಯಾರ ಮನೆಯವಳು ಮಾರಾಯ್ತಿ?" ಅಂತ ಕೇಳುತ್ತಾರೆ. ಒಂದು ದಿನ ನಾನು ಪಾತ್ರೆ ಒರೆಸುತ್ತಾ ಮದುವೆಯ ಹಸೆ ಹಾಡೊಂದನ್ನು ಗುನುಗುತ್ತಿದ್ದೆ. ಎರಡನೇ ಸಾಲಿನಲ್ಲಿ ಒಂದು ಪದ ತಪ್ಪಿತು. ಜಗುಲಿಯಲ್ಲಿ ಕೂತಿದ್ದ ಅತ್ತೆ ಅಲ್ಲಿಂದಲೇ ತಿದ್ದಿದರು. ತಿದ್ದಿದ್ದಷ್ಟೇ ಅಲ್ಲ, ಮುಂದಿನ ನಾಲ್ಕು ನುಡಿಯನ್ನೂ ಒಂದಕ್ಷರ ಬಿಡದೆ ಹೇಳಿದರು. ನಾನು ಒದ್ದೆ ಕೈಯಲ್ಲೇ ಹೋಗಿ ಅವರ ಪಕ್ಕ ಕೂತೆ.

ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಹಾಡು ಇರಲಿಲ್ಲ ಅಂತಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಟಿ.ವಿ. ಓಡುತ್ತಿತ್ತು, ಫೋನಿನಲ್ಲಿ ಸುಪ್ರಭಾತ ಬರುತ್ತಿತ್ತು. ಹಾಡು ಹಾಕಿ ನಾನು ಅಡುಗೆಮನೆಗೆ, ನಮ್ಮ ಯಜಮಾನರು ತೋಟಕ್ಕೆ. ಅತ್ತೆ ಒಬ್ಬರೇ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಮೂರು ವರ್ಷದಿಂದ ದಿನಾ ಜೊತೆಗೆ ಕೂತು ಕೇಳುತ್ತಿದ್ದೇವೆ. ಏನು ಮಾಡಿದರೆ ಸರಿಹೋಗುತ್ತದೆ, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಡು ಈ ಕಾಯಿಲೆಯನ್ನು ಗುಣ ಮಾಡುವುದಿಲ್ಲ. ಡಿಮೆನ್ಶಿಯಾ ಅನ್ನುವುದು ಮೆದುಳಿನ ಕಾಯಿಲೆ. ನಮ್ಮ ಕಡೆ "ವಯಸ್ಸಾಯ್ತು, ಅರಳುಮರಳು" ಅಂದು ಸುಮ್ಮನಾಗುವುದೇ ಜಾಸ್ತಿ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಸಂಗೀತದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನುವ ಸಂಸ್ಥೆಯ 2018ರ ವಿಮರ್ಶೆ ಹೇಳುವುದು ಇಷ್ಟು: ಕುಗ್ಗಿದ ಮನಸ್ಸು ಸ್ವಲ್ಪ ಹಗುರಾಗಬಹುದು, ನಡವಳಿಕೆಯ ತೊಂದರೆಗಳು ಸ್ವಲ್ಪ ತಗ್ಗಬಹುದು, ನೆನಪಿನ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಹಾಗಾಗಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಹಾಡು ಕೇಳಿಸುವ ಕೆಲಸಕ್ಕೆ ಕೈಹಾಕಬೇಡಿ.

ಮೊದಲು ಕಿವಿ

ಎಲ್ಲಕ್ಕಿಂತ ಮುಂಚೆ ಕಿವಿ ತೋರಿಸಿಕೊಂಡು ಬನ್ನಿ. ಇದನ್ನು ನಾನು ಮಾಡದೆ ಎರಡು ತಿಂಗಳು ಹಾಳುಮಾಡಿಕೊಂಡೆ. ಅತ್ತೆಗೆ ಹಾಡು ಇಷ್ಟವಾಗುತ್ತಿಲ್ಲ ಅಂದುಕೊಂಡಿದ್ದೆ. ಬಲಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು, ಅಷ್ಟೇ. ಅದನ್ನು ವೈದ್ಯರೇ ತೆಗೆಯಬೇಕು, ಮನೆಯಲ್ಲಿ ಪಿನ್ನು, ಕಡ್ಡಿ ಹಾಕಬೇಡಿ. ಕಿವಿ ಮಿಷನ್ ಇದ್ದರೆ ಬ್ಯಾಟರಿ ನೋಡಿ. ಹಿಂದೆ ಫಿಟ್ಸ್ ಬಂದಿದ್ದವರಾದರೆ, ಹಾಡು ಕೇಳಿಸುತ್ತೇವೆ ಅಂತ ವೈದ್ಯರಿಗೆ ಒಂದು ಮಾತು ಹೇಳಿಡಿ. ಅಪರೂಪಕ್ಕೆ ಕೆಲವರಿಗೆ ಸಂಗೀತದಿಂದಲೇ ಫಿಟ್ಸ್ ಬರುವುದುಂಟು.

ಯಾವ ಹಾಡು? ಪತ್ತೇದಾರಿ ಇಲ್ಲಿಂದ ಶುರು

ಇದು ಎಲ್ಲಕ್ಕಿಂತ ದೊಡ್ಡ ಕೆಲಸ. ಒಂದು ವಾರವಾದರೂ ಇದಕ್ಕೆ ಕೊಡಿ.

ಮನುಷ್ಯನಿಗೆ ಸುಮಾರು 10ರಿಂದ 25 ವರ್ಷದೊಳಗೆ ಕೇಳಿದ ಹಾಡು ಆಳವಾಗಿ ಉಳಿಯುತ್ತದೆ. ಡಿಮೆನ್ಶಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆಯಾದ ಅಲ್ಝೈಮರ್ಸ್‌ನಲ್ಲಿ ಹೊಸದನ್ನು ನೆನಪಿಟ್ಟುಕೊಳ್ಳುವ ಮೆದುಳಿನ ಭಾಗಕ್ಕೆ ಮೊದಲು ಪೆಟ್ಟು ಬೀಳುತ್ತದೆ. ಹಳೆಯ, ನೂರಾರು ಸಲ ಕೇಳಿದ ರಾಗ ಬಹಳ ಜನರಲ್ಲಿ ಎಷ್ಟೋ ಕಾಲ ಉಳಿದುಕೊಂಡಿರುತ್ತದೆ. ಹಾಗಾಗಿ ಲೆಕ್ಕ ಸುಲಭ. ಹುಟ್ಟಿದ ವರ್ಷಕ್ಕೆ ಹತ್ತು ಕೂಡಿಸಿ, ಅಲ್ಲಿಂದ ಹದಿನೈದು ವರ್ಷ ಹುಡುಕಿ.

ನಮ್ಮತ್ತೆ ಹುಟ್ಟಿದ್ದು 1948ರಲ್ಲಿ. ಹುಡುಕಬೇಕಾದದ್ದು 1958ರಿಂದ 1973ರವರೆಗೆ. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ, ಆಗ ಅವರಿಗೆ ಹದಿನೇಳು. ಹಾಗಾದರೆ ರೇಡಿಯೋದ ಚಿತ್ರಗೀತೆ ಅವರ ಪಟ್ಟಿಗೆ ಬರುತ್ತದೆ. ಆದರೆ ನಾನು ಮೊದಲು ಹಾಕುತ್ತಿದ್ದದ್ದು ಎಂಬತ್ತರ ದಶಕದ ಕ್ಯಾಸೆಟ್ ಭಾವಗೀತೆ. ಅದು ನನ್ನ ಕಾಲದ ಹಾಡು, ನನಗೆ ಇಷ್ಟ. ಅತ್ತೆಗೆ ಆಗ ಮೂವತ್ತೈದು ದಾಟಿತ್ತು, ಕೊಟ್ಟಿಗೆ ಕೆಲಸದ ನಡುವೆ ಹಾಡು ಕೇಳಲು ಪುರುಸೊತ್ತೆಲ್ಲಿತ್ತು? ಎಷ್ಟೋ ಮನೆಗಳಲ್ಲಿ ಆಗುವ ತಪ್ಪು ಇದೇ. "ಹಳೇ ಹಾಡು" ಅಂದರೆ ನಮಗೆ ಹಳೆಯದಾದ ಹಾಡು ಅಂದುಕೊಳ್ಳುತ್ತೇವೆ.

ಇನ್ನೊಂದು ವಿಷಯ. ಮಲೆನಾಡಿನ ಹಿರಿಯರ ತಲೆಯಲ್ಲಿರುವ ಹಾಡೆಲ್ಲ ಸಿನಿಮಾದ್ದಲ್ಲ. ಅರ್ಧಕ್ಕಿಂತ ಹೆಚ್ಚು ಬಾಯಿಂದ ಬಾಯಿಗೆ ಬಂದದ್ದು. ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು, ಬೀಗರನ್ನು ಹಂಗಿಸುವ ಹಾಡು, ಆರತಿ ಹಾಡು. ಗದ್ದೆ ನೆಟ್ಟವರಾದರೆ ನಟ್ಟಿ ಹಾಡು. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರ ಪದ. ಸೊರಬ, ಸಾಗರದ ಕಡೆಯವರಿಗೆ ಡೊಳ್ಳಿನ ಪೆಟ್ಟು ಕೇಳಿದರೇ ಕಾಲು ಅಲುಗುತ್ತದೆ. ಆಟ, ಅಂದರೆ ಯಕ್ಷಗಾನ, ನೋಡಿ ಬೆಳೆದವರಿಗೆ ಭಾಗವತರ ಪದ, ಚಂಡೆ, ಮದ್ದಳೆ. ಮಳೆಗಾಲದಲ್ಲಿ ಮನೆಯೊಳಗೆ ನಡೆಯುತ್ತಿದ್ದ ತಾಳಮದ್ದಳೆ. ಭಜನೆಗೆ ಹೋಗುತ್ತಿದ್ದವರಿಗೆ ದಾಸರ ಪದ, ವಚನ. ಶಾಲೆಯ ಪ್ರಾರ್ಥನೆಯನ್ನು ಮರೆಯಬೇಡಿ. ಮಗ್ಗಿ ಹೇಳಿದ ರಾಗವೂ ನಡೆಯುತ್ತದೆ, ನಾನು ನೋಡಿದ್ದೇನೆ.

ಕಾವ್ಯವನ್ನು ರಾಗವಾಗಿ ಓದುವ ಗಮಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅವಸರವಿಲ್ಲ, ವಾದ್ಯದ ಗದ್ದಲವಿಲ್ಲ, ಒಂದೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಕಥೆಯ ಎಳೆ ತಪ್ಪಿಹೋದವರೂ ಷಟ್ಪದಿಯ ನಡೆಗೆ ತಲೆದೂಗುತ್ತಾರೆ. ಚಿಕ್ಕಂದಿನಲ್ಲಿ ಭಾರತ ವಾಚನ ಕೇಳಿದ ಮನೆಯವರಾದರೆ ಇದನ್ನು ಖಂಡಿತ ಪ್ರಯತ್ನಿಸಿ.

ಕೇಳುವುದು ಯಾರನ್ನು? ಕಾಯಿಲೆ ಬಂದವರನ್ನಲ್ಲ. ಅವರ ಒಡಹುಟ್ಟಿದವರನ್ನು. ನಾನು ಸಾಗರದಲ್ಲಿರುವ ಚಿಕ್ಕತ್ತೆಯನ್ನು ಕೇಳಿದೆ. "ಅಡಿಕೆ ಸುಲಿಯೋಕೆ ಕೂತಾಗ ಅಕ್ಕನೇ ಹೇಳಿಕೊಡ್ತಿದ್ಲು, ನಾವೆಲ್ಲ ಸೊಲ್ಲು ಹಿಡೀತಿದ್ವಿ" ಅಂದರು. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಹಾಡು ನಡೆಯುತ್ತಿತ್ತಂತೆ. ಇಪ್ಪತ್ತೆಂಟು ವರ್ಷ ಸೊಸೆಯಾಗಿದ್ದ ನನಗೆ ಅತ್ತೆ ಹಾಡುತ್ತಿದ್ದರು ಅನ್ನುವುದೇ ಗೊತ್ತಿರಲಿಲ್ಲ.

ಹೀಗೆ ಕೇಳಿ: ಮದುವೆಯಲ್ಲಿ ಯಾರು ಹಾಡಿದರು? ಮಗು ಮಲಗಿಸುವಾಗ ಏನು ಹೇಳುತ್ತಿದ್ದರು? ಮನೆಗೆ ರೇಡಿಯೋ ಬಂದದ್ದು ಯಾವಾಗ? ಸಿನಿಮಾ ನೋಡಲು ಯಾವ ಊರಿಗೆ ಹೋಗುತ್ತಿದ್ದರು, ಯಾರ ಜೊತೆ? ಕೊನೆಗೆ ಇದನ್ನೂ ಕೇಳಿ: ಯಾವ ಹಾಡು ಹಾಕಬಾರದು? ಸಾವಿನ ಮನೆಯಲ್ಲಿ ಹಾಡಿದ ಭಜನೆ, ಬಿಟ್ಟುಹೋದ ಸಂಬಂಧದ ಹಾಡು, ಇವು ಮೊದಲೇ ಗೊತ್ತಿರಬೇಕು.

ಇಪ್ಪತ್ತು ಹಾಡು ಸಿಕ್ಕರೆ ಧಾರಾಳ ಸಾಕು.

ಹಾಡನ್ನು ತುಂಬಿಸಿಡುವುದು

ಫೋನಿನಲ್ಲಿ ನೇರವಾಗಿ ಇಂಟರ್ನೆಟ್‌ನಿಂದ ಹಾಕಬೇಡಿ. ಒಮ್ಮೆ ದೇವರನಾಮದ ನಡುವೆ ಜೋರಾಗಿ ಜಾಹೀರಾತು ಬಂತು. ಅತ್ತೆ ಬೆಚ್ಚಿಬಿದ್ದು ಎದ್ದರು, ಕಾಲಿಗೆ ಚಾಪೆ ಸಿಕ್ಕಿ ಬೀಳುವಂತಾದರು. ಅವತ್ತಿಡೀ ದಿನ ನಡುಗುತ್ತಿದ್ದರು. ಮೇಲಾಗಿ ನಮ್ಮ ಕಡೆ ನೆಟ್‌ವರ್ಕ್ ಒಂದು ಹೊತ್ತು ಇದ್ದರೆ ಇನ್ನೊಂದು ಹೊತ್ತಿಲ್ಲ. ಅರ್ಧ ಹಾಡಿಗೆ ನಿಂತರೆ ಅವರಿಗೆ ಏನೋ ಆಗಬಾರದ್ದು ಆಯಿತು ಅನ್ನಿಸುತ್ತದೆ.

ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಹಾಕುವ ಸಣ್ಣ ಸ್ಪೀಕರ್ ಇದಕ್ಕೆ ಒಳ್ಳೆಯದು. ಬ್ಯಾಟರಿಯದ್ದೇ ತೆಗೆದುಕೊಳ್ಳಿ, ಕರೆಂಟ್ ಹೋದರೂ ನಡೆಯುತ್ತದೆ. ಹಸೆ ಹಾಡಿನಂಥವು ಎಲ್ಲೂ ಸಿಗದಿದ್ದರೆ ನೀವೇ ರೆಕಾರ್ಡ್ ಮಾಡಿ. ಊರಿನಲ್ಲಿ ಹಾಡುವ ಅಮ್ಮಂದಿರು ಈಗಲೂ ಇದ್ದಾರೆ. ಹೋಗಿ ಕೂತು, ಫ್ಯಾನ್ ಆರಿಸಿ, ಫೋನನ್ನು ಅವರ ಬಾಯಿಂದ ಒಂದು ಮೊಳ ದೂರದಲ್ಲಿಟ್ಟರೆ ಆಯಿತು. ಚಿಕ್ಕತ್ತೆಯ ದನಿಯಲ್ಲಿ ನಾನು ಮಾಡಿಕೊಂಡ ಆರು ಹಾಡು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತದೆ. ದನಿ ನಡುಗುತ್ತದೆ, ಹಿಂದೆ ನಾಯಿ ಬೊಗಳುತ್ತದೆ. ಅತ್ತೆಗೆ ಅದೇ ಬೇಕು.

ಸ್ಪೀಕರೋ, ಹೆಡ್‌ಫೋನೋ?

ಶಾಂತವಾದ ಮನೆಯಾದರೆ ಸ್ಪೀಕರ್. ಜೂನ್, ಜುಲೈ ಬಂತು ಅಂದರೆ ಬೇರೆ ಕಥೆ. ಜಡಿಮಳೆ ತಗಡಿನ ಮೇಲೆ ಹೊಡೆಯುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಹಾಡೆಲ್ಲಿ? ಆಗ ನಾವು ಇಬ್ಬರೂ ಹೆಡ್‌ಫೋನ್ ಹಾಕಿಕೊಳ್ಳುತ್ತೇವೆ. ಒಂದು ಪಿನ್ನನ್ನು ಎರಡು ಮಾಡುವ ವೈರು ಬರುತ್ತದೆ, ಮೊಬೈಲ್ ಸಾಮಾನಿನ ಅಂಗಡಿಯಲ್ಲಿ ಸ್ಪ್ಲಿಟರ್ ಅಂತ ಕೇಳಿ. ಅದಕ್ಕೆ ಎರಡು ಹೆಡ್‌ಫೋನ್ ಸಿಗಿಸಿದರೆ ಇಬ್ಬರಿಗೂ ಒಂದೇ ಹಾಡು, ಒಂದೇ ಕ್ಷಣದಲ್ಲಿ. ಹೊರಗಿನ ಗದ್ದಲ ದೂರವಾಗುತ್ತದೆ. ಎದುರುಬದುರು ಕೂತರೆ ಮುಖ ನೋಡಿಕೊಂಡೇ ಕೇಳಬಹುದು. ಅವರೊಬ್ಬರಿಗೇ ಹೆಡ್‌ಫೋನ್ ಹಾಕಿದರೆ ಅವರು ಒಳಗೆ, ನೀವು ಹೊರಗೆ. ಹಾಗೆ ಮಾಡಬೇಡಿ.

ಕಿವಿಯೊಳಗೆ ತುರುಕುವಂಥದ್ದು ಬೇಡ, ಕಿವಿಯ ಮೇಲೆ ಮೆತ್ತಗೆ ಕೂರುವಂಥದ್ದು ತನ್ನಿ. ಮೊದಲು ನಿಮ್ಮ ಕಿವಿಗೆ ಇಟ್ಟುಕೊಂಡು ದನಿ ನೋಡಿ. ಆಮೇಲೆ ಅವರ ಕೈಗೆ ಕೊಡಿ, ಮುಟ್ಟಲಿ, ತಿರುಗಿಸಿ ನೋಡಲಿ. ಹಾಡು ಶುರುವಾದ ಮೇಲೆ ಒಂದು ಕಿವಿಯ ಹತ್ತಿರ ಹಿಡಿಯಿರಿ. ತಾವಾಗಿ ತಲೆ ಬಾಗಿಸಿದರೆ ಮಾತ್ರ ಹಾಕಿ. ಕಿತ್ತು ಹಾಕಿದರೆ ಅವತ್ತಿಗೆ ಬಿಟ್ಟುಬಿಡಿ. ಕಿವಿ ಮಿಷನ್ ಹಾಕುವವರಿಗೆ ಹೆಡ್‌ಫೋನ್ ಒತ್ತಿದರೆ ಕುಂಯ್ ಅನ್ನುವ ಸದ್ದು ಬರಬಹುದು, ಅವರಿಗೆ ಸ್ಪೀಕರೇ ಸರಿ. ಸ್ಪೀಕರ್‌ನ ದನಿಗೆ ಅಳತೆ ಅಂದರೆ, ಒಂದು ಕೈ ದೂರದಿಂದ ನೀವು ಮಾಮೂಲಿ ದನಿಯಲ್ಲಿ ಮಾತಾಡಿದರೆ ಅವರಿಗೆ ಕೇಳಬೇಕು.

ಹೊತ್ತು ಮತ್ತು ಜಾಗ

ಸಂಜೆ ಹೊತ್ತು ಮುಳುಗುವಾಗ ಇವರಿಗೆ ತಳಮಳ ಜಾಸ್ತಿ. ಮನೆಗೆ ಹೋಗಬೇಕು ಅನ್ನುತ್ತಾರೆ, ಬಾಗಿಲ ಹತ್ತಿರ ಓಡಾಡುತ್ತಾರೆ. ನಮ್ಮ ಮನೆಯಲ್ಲಿ ಅದು ಐದೂವರೆಗೆ ಶುರು. ನಾವು ಐದಕ್ಕೇ ಕೂರುತ್ತೇವೆ. ತಳಮಳ ಶುರುವಾದ ಮೇಲೆ ಹಾಡು ಹಾಕಿದರೆ ಎಷ್ಟೋ ಸಲ ಇನ್ನೂ ಕೆರಳುತ್ತಾರೆ. ಅರ್ಧ ಗಂಟೆ ಮುಂಚೆ ಕೂರುವುದರಲ್ಲೇ ಎಲ್ಲ ಇದೆ.

ಕೂರುವ ಮುಂಚೆ ಬಚ್ಚಲಿಗೆ ಕರೆದುಕೊಂಡು ಹೋಗಿ ಬನ್ನಿ. ಎರಡು ಗುಟುಕು ನೀರು ಕೊಡಿ. ಟಿ.ವಿ., ಮಿಕ್ಸಿ ಆರಿಸಿ. ಮುಖ ಕಾಣುವಷ್ಟು ಬೆಳಕಿರಲಿ. ಜಾಗ ದಿನಾ ಒಂದೇ ಇರಲಿ.

ಕೂತ ಮೇಲೆ

ಮೊದಲ ಹಾಡು ಪ್ರತಿದಿನ ಒಂದೇ. ಅದು ಕರೆಗಂಟೆ ಇದ್ದ ಹಾಗೆ. "ಇದು ಹಾಡಿನ ಹೊತ್ತು" ಅನ್ನುವುದನ್ನು ಅವರಿಗೆ ಬಾಯಿಮಾತಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ, ಆ ರಾಗ ಹೇಳಿದರೆ ನಿಲ್ಲುತ್ತದೆ. ಆಮೇಲೆ ಮೂರು ನಾಲ್ಕು ಹಾಡು. ಒಂದಕ್ಕೂ ಇನ್ನೊಂದಕ್ಕೂ ನಡುವೆ ನಿಲ್ಲಿಸಿ. ಒಂದು ನಿಮಿಷ ಮೌನವಾಗಿದ್ದರೂ ಪರವಾಗಿಲ್ಲ, ಮಾತು ಬರುವುದು ಆಗಲೇ. ಕೊನೆಗೆ ಮಂಗಳ. ಭಜನೆಯಾಗಲಿ, ಆಟವಾಗಲಿ ಮಂಗಳ ಹಾಡಿದರೆ ಮುಗಿಯಿತು ಅನ್ನುವುದು ನಮ್ಮ ಹಿರಿಯರ ಮೈಯಲ್ಲೇ ಕೂತಿದೆ. ನಮ್ಮತ್ತೆ ಮಂಗಳ ಬಂದ ಕೂಡಲೇ ಕೈ ಮುಗಿದು, ಸೆರಗು ಸರಿಮಾಡಿಕೊಂಡು ಏಳುತ್ತಾರೆ. ಯಾರೂ ಏಳಿ ಅನ್ನಬೇಕಿಲ್ಲ. ಎಲ್ಲ ಸೇರಿ ಇಪ್ಪತ್ತರಿಂದ ಮೂವತ್ತು ನಿಮಿಷ. ದಿನವಿಡೀ ಹಾಡು ಹಾಕಿಟ್ಟರೆ ಅದು ಬರೀ ಸದ್ದಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ಫೋನ್ ನೋಡಬೇಡಿ. ಅವರ ಕೈ ಮುಟ್ಟುವುದು ಅವರಿಗೆ ಇಷ್ಟವಾದರೆ ಹಿಡಿದುಕೊಳ್ಳಿ. ನಿಮಗೆ ಹಾಡಲು ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ, ಗುನುಗಿ. ತಪ್ಪು ಹಾಡಿದರೆ ಇನ್ನೂ ಒಳ್ಳೆಯದು, ತಿದ್ದುವ ಖುಷಿ ಅವರಿಗಿರಲಿ.

ಮಾಡಲೇಬಾರದ್ದು ಒಂದಿದೆ. "ಇದು ಯಾವ ಹಾಡು ಹೇಳಿ ನೋಡೋಣ?" "ಇದನ್ನ ಯಾರು ಹಾಡಿದ್ದು, ನೆನಪಿಲ್ವಾ?" ಮನೆಗೆ ಬಂದ ನೆಂಟರೆಲ್ಲ ಇದನ್ನೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಉತ್ತರ ಬರದಿದ್ದಾಗ ಅವರ ಮುಖ ಬಾಡುವುದನ್ನು ನೋಡಬೇಕು. ಪ್ರಶ್ನೆಯ ಬದಲು ನಿಮ್ಮದೊಂದು ಮಾತು ಇಡಿ: "ಅತ್ತೆ, ಈ ಹಾಡು ಕೇಳಿದ್ರೆ ನಂಗೆ ಅಡಿಕೆ ಬೇಯೋ ವಾಸನೆ ಬರುತ್ತೆ." ಹಿಡಿದುಕೊಂಡರೆ ಹಿಡಿದುಕೊಳ್ಳಲಿ, ಇಲ್ಲದಿದ್ದರೆ ಬಿಡಲಿ.

ಕೂರಲಾಗದೆ ಚಡಪಡಿಸುವವರ ಕೈಗೆ ಗೊತ್ತಿರುವ ಕೆಲಸ ಕೊಡಿ. ಹತ್ತಿ ಕೊಟ್ಟರೆ ನಮ್ಮತ್ತೆ ಬತ್ತಿ ಹೊಸೆಯುತ್ತಾರೆ. ತೊಡೆಯ ಮೇಲೆ ಅಂಗೈ ಹಿಂದೆ ಮುಂದೆ ಹೋಗುತ್ತದೆ, ಹಾಡಿನ ಲಯಕ್ಕೆ ಸರಿಯಾಗಿ. ಲಯ ನಿಧಾನವಾದರೆ ಕೈಯೂ ನಿಧಾನ. ಮೂರು ವರ್ಷದಲ್ಲಿ ಹೊಸೆದ ಬತ್ತಿ ಎರಡು ಡಬ್ಬ ತುಂಬಿದೆ. ಕತ್ತಿ, ಸೂಜಿ ಮಾತ್ರ ಬೇಡ.

ಮುಖ ಓದುವುದು, ಅತ್ತರೆ ನಡೆದುಕೊಳ್ಳುವುದು

ಇಷ್ಟವಾಗಿದೆ ಅಂತ ಅವರು ಬಾಯಿಬಿಟ್ಟು ಹೇಳದೇ ಇರಬಹುದು. ಬೆರಳು ಮಂಚದ ಅಂಚಿಗೆ ತಟ್ಟುತ್ತದೆ, ಹೆಬ್ಬೆರಳು ಅಲುಗುತ್ತದೆ, ತುಟಿ ಮಾತ್ರ ಆಡುತ್ತದೆ, ಉಸಿರು ನಿಧಾನವಾಗುತ್ತದೆ. ಬೇಡವಾದರೆ ಹುಬ್ಬು ಗಂಟಿಕ್ಕುತ್ತಾರೆ, ಮುಖ ತಿರುಗಿಸುತ್ತಾರೆ, ಸೆರಗನ್ನೋ ಪಂಚೆಯನ್ನೋ ಎಳೆದೆಳೆದು ನೋಡುತ್ತಾರೆ, ಏಳಲು ಹವಣಿಸುತ್ತಾರೆ. ಆಗ ಹಾಡನ್ನು ಥಟ್ಟನೆ ಕತ್ತರಿಸಬೇಡಿ. ದನಿ ಇಳಿಸುತ್ತಾ ನಿಲ್ಲಿಸಿ.

ಅಳು ಬಂದರೆ ಹೆದರಬೇಡಿ. ಎಲ್ಲ ಅಳುವೂ ನೋವಿನದ್ದಲ್ಲ. ನಮ್ಮತ್ತೆಯ ತವರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ನೀರಿನಡಿ ಹೋಯಿತು. ಆಗ ಅವರಿಗೆ ಹದಿನಾರು. ತವರಿನ ಹಾಡು ಬಂದರೆ ಈಗಲೂ ಕಣ್ಣಲ್ಲಿ ನೀರು. "ಮನೆಗೆ ಹೋಗನ ಬಾ, ಅಮ್ಮ ಕಾಯ್ತಾ ಇರ್ತಾಳೆ" ಅನ್ನುತ್ತಾರೆ. ಮೊದಮೊದಲು ನಾನು ನಿಜ ಹೇಳುತ್ತಿದ್ದೆ. ಊರು ಮುಳುಗಿದೆ, ಅಮ್ಮ ಇಲ್ಲ ಅಂತ. ಪ್ರತಿಸಲ ಅವರಿಗೆ ಅದು ಹೊಸ ಸಾವು. ಈಗ ಹಾಗೆ ಹೇಳುವುದಿಲ್ಲ. "ನಿಮ್ಮನೆ ಅಂಗಳ ದೊಡ್ಡದಿತ್ತಾ ಅತ್ತೆ?" ಅನ್ನುತ್ತೇನೆ. ಅಂಗಳ, ಹೊಳೆ, ದೋಣಿ ಅಂತ ಏನೇನೋ ಹೇಳುತ್ತಾರೆ. ಕೈ ಹಿಡಿದುಕೊಂಡು ಅದೇ ಹಾಡನ್ನು ಮೆಲ್ಲಗೆ ಮುಂದುವರಿಸುತ್ತೇನೆ. ಅತ್ತ ಮೇಲೆ ಮುಖ ಹಗುರಾಗಿದ್ದರೆ ಆ ಹಾಡು ಪಟ್ಟಿಯಲ್ಲಿರಲಿ. ಗಂಟೆಗಟ್ಟಲೆ ಕೊರಗಿದರೆ ತೆಗೆದುಬಿಡಿ.

ಒಂದೆರಡು ದಿನದಲ್ಲೇ ಗೊಂದಲ ವಿಪರೀತ ಜಾಸ್ತಿಯಾದರೆ, ಇದ್ದಕ್ಕಿದ್ದಂತೆ ಮಂಕಾದರೆ, ಅದು ಹಾಡಿನಿಂದ ಸರಿಹೋಗುವ ವಿಷಯವಲ್ಲ. ಮೂತ್ರದ ಸೋಂಕು, ಜ್ವರ, ನೀರು ಕಡಿಮೆಯಾಗುವುದು, ಹೊಸ ಮಾತ್ರೆ, ಇವುಗಳಿಂದ ಹಾಗಾಗುತ್ತದೆ. ತಡಮಾಡದೆ ವೈದ್ಯರಿಗೆ ತೋರಿಸಿ.

ನಿಮಗೂ ಒಂದು ಹಾಡು

ನೋಡಿಕೊಳ್ಳುವವರ ದಣಿವು ಯಾರಿಗೂ ಕಾಣುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವುದು, ಅದೇ ಪ್ರಶ್ನೆಗೆ ನಲವತ್ತು ಸಲ ಉತ್ತರ, ನೆಂಟರ ಬುದ್ಧಿಮಾತು. ಹಾಗಾಗಿ ಪಟ್ಟಿಯಲ್ಲಿ ನಿಮ್ಮದೊಂದು ಹಾಡು ಇರಲಿ. ನಾನು ಆ ಎಂಬತ್ತರ ದಶಕದ ಭಾವಗೀತೆಗಳಲ್ಲಿ ಒಂದನ್ನು ಮೂರನೆಯದಾಗಿ ಇಟ್ಟಿದ್ದೇನೆ. ಅದು ಬಂದಾಗ ನಾನು ಕಣ್ಣು ಮುಚ್ಚುತ್ತೇನೆ. ಒಮ್ಮೆ ಅತ್ತೆ ನನ್ನ ತಲೆ ಸವರಿದರು. "ಸುಸ್ತಾಗಿದೆ ಕೂಸಿಗೆ" ಅಂದರು, ಯಾರಿಗೆ ಅಂತ ಇಲ್ಲದೆ.

ಒಬ್ಬರೇ ಎಳೆಯಬೇಡಿ. ವಾರಕ್ಕೊಂದು ದಿನ ಮಗನೋ ಮಗಳೋ ಕೂರಲಿ. ಊರಿನ ಭಜನಾ ಮಂಡಳಿಯವರನ್ನು ತಿಂಗಳಿಗೊಮ್ಮೆ ಮನೆಗೇ ಕರೆಯಿರಿ. ಐದಾರು ಜನಕ್ಕಿಂತ ಜಾಸ್ತಿ ಬೇಡ, ಮೈಕ್ ಬೇಡವೇ ಬೇಡ. ತೀರಾ ಕಷ್ಟವಾದಾಗ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು. ನಿಮ್ಮ ಮನಸ್ಸೇ ಕುಸಿದಿದ್ದರೆ ಟೆಲಿ ಮನಸ್ 14416 ಇದೆ. ಎರಡಕ್ಕೂ ದುಡ್ಡಿಲ್ಲ.

ಹಾಸಿಗೆ ಹಿಡಿದ ಮೇಲೆ

ನಮ್ಮಪ್ಪಯ್ಯನಿಗೂ ಇದೇ ಕಾಯಿಲೆ ಇತ್ತು. ಕೊನೆಯ ನಾಲ್ಕು ತಿಂಗಳು ಮಾತಿಲ್ಲ, ಕಣ್ಣು ಬಿಡುವುದೂ ಅಪರೂಪ. ಆಟದ ಹುಚ್ಚಿದ್ದ ಮನುಷ್ಯ. ನಾನು ಅವರ ಅಂಗೈಯನ್ನು ನನ್ನ ಕೈಯಲ್ಲಿಟ್ಟುಕೊಂಡು, ಭಾಗವತರ ಪದ ಸಣ್ಣ ದನಿಯಲ್ಲಿ ಹಾಕಿ, ಎರಡು ಬೆರಳಿನಿಂದ ತಾಳ ತಟ್ಟುತ್ತಿದ್ದೆ. ಈ ಹಂತದಲ್ಲಿ ಒಂದು ಹಾಡು, ಹೆಚ್ಚೆಂದರೆ ಎರಡು ಸಾಕು. ಮಗ್ಗುಲು ಬದಲಿಸುವ ಮುಂಚೆ, ಮೈ ಒರೆಸುವಾಗ ಅದೇ ಒಂದು ರಾಗ ಗುನುಗಿದರೆ ಮೈ ಬಿಗಿ ಹಿಡಿಯುವುದು ಕಡಿಮೆಯಾಗುತ್ತಿತ್ತು. ಸ್ಪೀಕರ್‌ಗಿಂತ ನಿಮ್ಮ ದನಿಯೇ ಮೇಲು. ಕಿವಿಯ ಪಕ್ಕ, ನಿಧಾನಕ್ಕೆ.

ಒಂದು ನೋಟ್‌ಬುಕ್

ಕೊನೆಯದಾಗಿ ಇದನ್ನು ಮಾಡಿ. ಸ್ಪೀಕರ್ ಪಕ್ಕದಲ್ಲೇ ಒಂದು ನೋಟ್‌ಬುಕ್, ದಾರದಲ್ಲಿ ಕಟ್ಟಿದ ಪೆನ್ನು. ದಿನಾಂಕ, ಹಾಡು, ಏನಾಯಿತು, ಇಷ್ಟೇ. ನೀವು ಆಸ್ಪತ್ರೆಗೋ ಮದುವೆಗೋ ಹೋದಾಗ ಬೇರೆ ಯಾರು ಕೂತರೂ ಅವರಿಗೆ ದಾರಿ ಗೊತ್ತಾಗುತ್ತದೆ. ವೈದ್ಯರಿಗೂ ತೋರಿಸಬಹುದು. ನಮ್ಮ ನೋಟ್‌ಬುಕ್‌ನ ಕಳೆದ ವಾರದ ಪುಟ ಹೀಗಿದೆ:

ಸೋಮವಾರ. ಹಸೆ ಹಾಡು, ಚಿಕ್ಕತ್ತೆ ದನಿ. ಎರಡು ಸಲ ಕೇಳಿದರು. ಬತ್ತಿ ಹೊಸೆದರು.
ಮಂಗಳವಾರ. ಮಳೆ. ಹೆಡ್‌ಫೋನ್ ಬೇಡ ಅಂದರು. ನಾನೇ ಹಾಡಿದೆ.
ಬುಧವಾರ. ಡೊಳ್ಳು ಹಾಕಿದ್ದು ತಪ್ಪಾಯಿತು, ಬೆಚ್ಚಿದರು. ಇನ್ನು ಬೇಡ.
ಗುರುವಾರ. ಮಗ ಕೂತ. ಆರತಿ ಹಾಡಿನ ಮೂರನೇ ನುಡಿ ಅವನಿಗೆ ಹೇಳಿಕೊಟ್ಟರು. ಅವನು ಬರೆದುಕೊಂಡ.